ಸರ್ಕಾರವೇ ಬಾಡಿಗೆಗೆ ಬಂದಾಗ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯಂಥ ತಾಲ್ಲೂಕು ಕೇಂದ್ರಗಳಲ್ಲಿ ಮನೆ ಬಾಡಿಗೆಗೆ ಕೊಡುವವರು ಹೆಚ್ಚಾಗಿ ನಿವೃತ್ತ ನೌಕರರು, ತೊಗರಿಯ ದುಡ್ಡಲ್ಲಿ ಊರೊಳಗೊಂದು ಕಟ್ಟಡ ಎಬ್ಬಿಸಿದ ರೈತರು, ಮುಂದೆ ಮಳಿಗೆ ಹಿಂದೆ ಮನೆ ಇಟ್ಟುಕೊಂಡ ವ್ಯಾಪಾರಿಗಳು. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಸುತ್ತ ವಿದ್ಯಾರ್ಥಿಗಳಿಗೆ ಕೋಣೆ ಬೇಕು; ದೇವಲ ಗಾಣಗಾಪುರದಲ್ಲಿ ಸೇವೆಗೆಂದು ಬಂದು ದಿನಗಟ್ಟಲೆ ಉಳಿಯುವ ದತ್ತಭಕ್ತರಿಗೆ ಬೇಕು. ಬಾಡಿಗೆ ಸಣ್ಣದು. ಅದರ ಮೇಲೆ ಸರ್ಕಾರದ ಹಿಡಿತ ಮಾತ್ರ ಸಣ್ಣದಲ್ಲ.

1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಜಾಗಕ್ಕೆ ಕರ್ನಾಟಕ ಬಾಡಿಗೆ ಕಾಯ್ದೆ, 1999 ಬಂತು. ಪ್ರಮಾಣಿತ ಬಾಡಿಗೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಕಾಯ್ದೆ ಜಾರಿಯಲ್ಲಿರುವ ಉಳಿದ ಊರುಗಳಲ್ಲಿ 2,000 ರೂಪಾಯಿ ಮೀರಿದರೆ ಅದು ಅನ್ವಯವಾಗದು. ಹೀಗಾಗಿ ಹೊಸ ಆರ್‌ಸಿಸಿ ಮನೆಯವರು ಪಾರಾಗುತ್ತಾರೆ. ಪರಸಿ ಹಾಸಿದ ಹಳೆಯ ಮಾಳಿಗೆ ಮನೆಯನ್ನು ಕಡಿಮೆ ದರಕ್ಕೆ ಕೊಟ್ಟ ವಿಧವೆಯೇ ತನ್ನ ಮನೆ ತನಗೆ ಬೇಕೆಂದು ನ್ಯಾಯಾಲಯದಲ್ಲಿ ಸಾಬೀತು ಮಾಡಬೇಕು. ದುರ್ಬಲ ಮಾಲೀಕರ ಮೇಲೆಯೇ ಹೆಚ್ಚು ಭಾರ ಹೇರುವ ಈ ಮಿತಿ ಅನ್ಯಾಯದ್ದು.

ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೆ 2023ರ ಆಗಸ್ಟ್ 5ರಂದು ಕಲಬುರಗಿಯಲ್ಲೇ ಚಾಲನೆ ಸಿಕ್ಕಿತು. ಬಾಡಿಗೆದಾರರಿಗೂ ಅದು ಸಿಗುತ್ತದೆ; ಒಳ್ಳೆಯ ನಿರ್ಧಾರ. ಆದರೆ ಮೂರು ಸಂಸಾರಗಳಿಗೆ ಒಂದೇ ಮೀಟರ್ ಇರುವ ಕಟ್ಟಡದಲ್ಲಿ ಒಟ್ಟು ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಬರುತ್ತದೆ. ಪಕ್ಕದ ಮನೆಯವರಿಗೆ ಬಿಲ್ಲೇ ಇಲ್ಲ, ನಮಗೇಕೆ ಎಂಬ ಪ್ರಶ್ನೆ ವಿದ್ಯುತ್ ಕಂಪನಿ ಜೆಸ್ಕಾಂಗೆ ಹೋಗುವುದಿಲ್ಲ, ಮಾಲೀಕರ ಬಾಗಿಲಿಗೆ ಬರುತ್ತದೆ.

ಎಲ್ಲಕ್ಕಿಂತ ದೊಡ್ಡ ಸಂಕಟ ಬೇರೆಯೇ ಇದೆ. ಈ ತಾಲ್ಲೂಕುಗಳಲ್ಲಿ ಸರ್ಕಾರವೂ ಒಬ್ಬ ಬಾಡಿಗೆದಾರ. ಸ್ವಂತ ಕಟ್ಟಡವಿಲ್ಲದ ಅಂಗನವಾಡಿ, ವಿದ್ಯಾರ್ಥಿನಿಲಯ, ಕಚೇರಿಗಳು ಖಾಸಗಿ ಮನೆಗಳಲ್ಲಿ ನಡೆಯುತ್ತವೆ. ಕಚೇರಿ ಕಟ್ಟಡವಾದರೆ ಲೋಕೋಪಯೋಗಿ ಇಲಾಖೆ ಅಳತೆ ಮಾಡಿ ದರ ನಿಗದಿಪಡಿಸುತ್ತದೆ. ಪೇಟೆಯ ದರ ಏರಿದರೂ ಇಲಾಖೆಯ ಹಳೆಯ ದರ ಪ್ರಮಾಣಪತ್ರವೇ ನಡೆಯುತ್ತದೆ. ಹಣ ಬರುವುದು ಅನುದಾನ ಬಿಡುಗಡೆಯಾದ ಮೇಲೆ. ನಮ್ಮ ಕುಟುಂಬದ ಕಟ್ಟಡದಲ್ಲಿ ಒಂದು ಕಚೇರಿ ಇದ್ದಾಗ, ಬಾಕಿ ಕೇಳಲು ಹೋದ ಪ್ರತಿ ಸಲವೂ ಗುಮಾಸ್ತರು ಕಡತ ಬಿಚ್ಚಿ ತೋರಿಸುತ್ತಿದ್ದರು: ಬಿಲ್ ಇದೆ, ಸಹಿ ಇದೆ, ಮೊಹರೂ ಇದೆ. "ಗ್ರ್ಯಾಂಟ್ ಬಂದಿಲ್ಲರಿ, ಮಾರ್ಚ್‌ದಾಗ ನೋಡೂಣು." ಅವರ ತಪ್ಪೇನೂ ಇರಲಿಲ್ಲ. ಅದೇ ಕಟ್ಟಡದ ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ, ಗಡುವು ಮೀರಿದರೆ ತಿಂಗಳಿಗೆ ಶೇ 2 ದಂಡ. ಸರ್ಕಾರ ತಡಮಾಡಿದ ಬಾಡಿಗೆಗೆ ಒಂದು ಪೈಸೆ ಬಡ್ಡಿಯೂ ಬರಲಿಲ್ಲ.

ಆದಾಯ ತೆರಿಗೆಯಲ್ಲಿ ಈ ನೋವು ಇನ್ನೂ ಹೆಚ್ಚುತ್ತದೆ. ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ 30 ವಿನಾಯಿತಿ ಸಿಗುತ್ತದೆ, ನಿಜ. ಆದರೆ ಮನೆ ಬಾಡಿಗೆಯ ಲೆಕ್ಕ ಕೈಗೆ ಬಂದ ಹಣದ ಮೇಲಲ್ಲ, ಬರಬೇಕಾದ ಹಣದ ಮೇಲೆ. ವಸೂಲಾಗದ ಬಾಡಿಗೆಯನ್ನು ಕಳೆಯಬೇಕಾದರೆ ಬಾಡಿಗೆದಾರ ಮನೆ ಬಿಟ್ಟಿರಬೇಕು ಅಥವಾ ಬಿಡಿಸಲು ಕ್ರಮ ಕೈಗೊಂಡಿರಬೇಕು, ವಸೂಲಿಗೆ ದಾವೆ ಹೂಡಿರಬೇಕು ಅಥವಾ ಹೂಡಿದರೂ ಫಲವಿಲ್ಲವೆಂದು ತೋರಿಸಬೇಕು. ಅಂಗನವಾಡಿಯ ಮಕ್ಕಳನ್ನು ಹೊರಹಾಕಿ ಎಂದು ಯಾವ ಮಾಲೀಕರು ಕೋರ್ಟಿಗೆ ಹೋದಾರು? ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ರಿಬೇಟ್ ಬಂದದ್ದರಿಂದ ಸಣ್ಣವರು ಉಳಿದುಕೊಂಡಿದ್ದಾರೆ. ಪಿಂಚಣಿ, ಮಳಿಗೆ, ಬಾಡಿಗೆ ಎಲ್ಲ ಸೇರಿ ಆ ಮಿತಿ ದಾಟಿದವರು ಬಾರದ ಹಣಕ್ಕೂ ತೆರಿಗೆ ಕಟ್ಟುತ್ತಾರೆ.

ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ಅವಧಿ ಮುಗಿದರೂ ಮನೆ ಬಿಡದವರಿಂದ ಮೊದಲೆರಡು ತಿಂಗಳು ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ ಪಡೆಯಲು ಅವಕಾಶ ಕೊಡುತ್ತದೆ. ತಡವಾಗುವ ಬಾಡಿಗೆಯೇ ಸಮಸ್ಯೆಯಾದ ಈ ಮಾಲೀಕರಿಗೆ ಅದರಿಂದ ಪ್ರಯೋಜನ ಕಡಿಮೆ. ಸರ್ಕಾರ ಬಾಡಿಗೆದಾರನಾಗಿರುವ ಪ್ರಕರಣಕ್ಕೆ ಬೇರೆ ದಾರಿ ಬೇಕು. ಸರ್ಕಾರಿ ಕಚೇರಿಗೆ ಕಟ್ಟಡ ಕೊಡುವವರು ದರ ಪರಿಷ್ಕರಣೆಯ ಅವಧಿ ಮತ್ತು ತಡವಾದರೆ ಬಡ್ಡಿ, ಎರಡನ್ನೂ ಕರಾರಿನಲ್ಲಿ ಬರೆಸಬೇಕು. ಆಸ್ತಿ ತೆರಿಗೆಗೆ ಹಾಕುವ ಶೇ 2ರ ದರವನ್ನೇ ತನ್ನ ಬಾಕಿಗೂ ಹಾಕಿಕೊಳ್ಳಲು ಸರ್ಕಾರ ಒಪ್ಪಬೇಕು.