ಪ್ರಿಸ್ಕಿಲ್ಲಳ ಮನೆಯ ಸಭೆ

ಅಮೆರಿಕದಲ್ಲಿ ಓದುತ್ತಿರುವ, ದುಡಿಯುತ್ತಿರುವ ನಮ್ಮ ಕನ್ನಡ ಸಭೆಗಳ ಮಕ್ಕಳೇ, ವಲಸೆಯ ಮಾತು ಬಂದರೆ ಸಾಕು, ನಿಮ್ಮಲ್ಲಿ ಕೆಲವರು ಒಬ್ಬರ ಮುಖ ಒಬ್ಬರು ನೋಡಲಾರದಷ್ಟು ದೂರವಾಗುತ್ತಿದ್ದೀರಿ. ಪ್ರಾರ್ಥನಾ ಕೂಟದ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಗಡಿ ಭದ್ರವಾಗಿರಬೇಕು ಎನ್ನುತ್ತಾರೆ. ಇನ್ನೊಬ್ಬರು, ಕರುಣೆ ಇಲ್ಲದ ನೀವೆಂಥ ಕ್ರೈಸ್ತರು ಎಂದು ಕೇಳುತ್ತಾರೆ. ಕಾನೂನು ಮುರಿದವರ ಪರ ನಿಲ್ಲುವುದು ಯಾವ ಸುವಾರ್ತೆ ಎಂದು ತಿರುಗಿ ಪ್ರಶ್ನೆ ಬರುತ್ತದೆ. ಮರುದಿನ ಇಬ್ಬರೂ ಗುಂಪು ಬಿಟ್ಟಿರುತ್ತಾರೆ. ಕೆಲವರು ಸಭೆಯನ್ನೇ ಬಿಟ್ಟಿದ್ದಾರೆ. ನಿಮ್ಮನ್ನು ಎತ್ತಿ ಆಡಿಸಿದ ನಮ್ಮಂಥ ಹಿರಿಯರಿಗೆ ಇದು ಸಹಿಸಲಾಗದ ನೋವು. ಅದಕ್ಕೇ ಬರೆಯುತ್ತಿದ್ದೇನೆ.

ನೀವು ಒಟ್ಟಿಗೆ ಕಲಸಿಬಿಟ್ಟಿರುವ ಎರಡು ಪ್ರಶ್ನೆಗಳನ್ನು ಮೊದಲು ಬಿಡಿಸಿ ನೋಡಿ. ದೇಶವೊಂದು ವರ್ಷಕ್ಕೆ ಎಷ್ಟು ಜನರನ್ನು ಒಳಗೆ ಬಿಡಬೇಕು, ಗಡಿಯನ್ನು ಹೇಗೆ ಕಾಯಬೇಕು, ಕಾಗದಪತ್ರ ಇಲ್ಲದವರಲ್ಲಿ ಯಾರನ್ನು ಕಳುಹಿಸಬೇಕು, ಯಾರನ್ನು ಉಳಿಸಿಕೊಳ್ಳಬೇಕು ಎಂಬುದು ಒಂದು. ಇದಕ್ಕೆ ಬೈಬಲಿನಲ್ಲಿ ಅಂಕಿಸಂಖ್ಯೆಯ ಉತ್ತರವಿಲ್ಲ. ಪ್ರಾರ್ಥನೆ ಮಾಡುವ, ಬಡವರನ್ನು ಪ್ರೀತಿಸುವ ಇಬ್ಬರು ಇದರಲ್ಲಿ ಬೇರೆ ಬೇರೆ ತೀರ್ಮಾನಕ್ಕೆ ಬರಬಹುದು. ಕಾಗದವಿಲ್ಲದ ಮನುಷ್ಯ ನನ್ನೆದುರು ನಿಂತಾಗ ನಾನು ಏನು ಮಾಡುತ್ತೇನೆ ಎಂಬುದು ಇನ್ನೊಂದು. ಇಲ್ಲಿ ನಮಗೆ ಆಯ್ಕೆ ಇಲ್ಲ. ಅಂತಿಮ ನ್ಯಾಯತೀರ್ಪಿನ ಮಾತಾಡುವಾಗ ಕ್ರಿಸ್ತನು ತನ್ನನ್ನು ಹಸಿದವನ ಜೊತೆಗೆ, ಸೆರೆಯಾದವನ ಜೊತೆಗೆ, ಪರದೇಶಿಯ ಜೊತೆಗೂ ಸೇರಿಸಿ ಹೇಳಿದ್ದಾನೆ. ಮೊದಲನೆಯ ಪ್ರಶ್ನೆಯಲ್ಲಿ ನಿಮ್ಮ ಉತ್ತರ ಏನೇ ಇರಲಿ, ಎರಡನೆಯದರಿಂದ ಅದು ಬಿಡುಗಡೆ ಕೊಡುವುದಿಲ್ಲ. ಹಾಗೆಯೇ ಎರಡನೆಯದನ್ನು ಚೆನ್ನಾಗಿ ಮಾಡಿದವರಿಗೆ, ಮೊದಲನೆಯದರಲ್ಲಿ ಬೇರೆ ಅಭಿಪ್ರಾಯ ಇಟ್ಟುಕೊಂಡವರನ್ನು ಅಕ್ರೈಸ್ತರು ಎನ್ನುವ ಅಧಿಕಾರವೂ ಸಿಗುವುದಿಲ್ಲ.

‘ನಾವು ಸಾಲಿನಲ್ಲಿ ನಿಂತು ಬಂದವರು, ಅವರು ನುಗ್ಗಿದವರು’ ಎಂದು ನಮ್ಮವರು ಹೇಳುವುದನ್ನು ತುಂಬ ಕೇಳಿದ್ದೇನೆ. ಆ ಮಾತಿನ ಹಿಂದಿನ ಸಂಕಟ ನನಗೆ ಗೊತ್ತು. ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್. ಯಾವುದೇ ಒಂದು ದೇಶದವರಿಗೆ ಶೇ 7ರ ಮಿತಿ. ಹೀಗಾಗಿ ಭಾರತದವರು ದಶಕಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಮಕ್ಕಳಿಗೆ 21 ತುಂಬಿ, ತಂದೆತಾಯಿಯ ಅರ್ಜಿಯಿಂದಲೇ ಅವರು ಹೊರಗೆ ಬೀಳುತ್ತಾರೆ. ಇಂಥ ಮನೆಯ ಹುಡುಗ ಸಿಟ್ಟಾದರೆ ಅವನನ್ನು ಕಲ್ಲುಹೃದಯದವನು ಎನ್ನಬೇಡಿ, ಕೂತು ಕೇಳಿಸಿಕೊಳ್ಳಿ. ಆದರೆ ಆ ಹುಡುಗನಿಗೂ ಒಂದು ಮಾತು. 1917ರ ಕಾನೂನು ಭಾರತೀಯರು ಈ ದೇಶಕ್ಕೆ ವಲಸೆ ಬರುವುದನ್ನೇ ತಡೆಯಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಇಲ್ಲಿನ ಸುಪ್ರೀಂ ಕೋರ್ಟು, ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದಿತು. ಅದಾಗಲೇ ಪೌರರಾಗಿದ್ದ ಕೆಲವರು ಅದನ್ನು ಕಳೆದುಕೊಂಡರು. 1946ರಲ್ಲಿ ವರ್ಷಕ್ಕೆ 100 ಜನರಿಗೆ ಅವಕಾಶವಾಯಿತು. ಬಾಗಿಲು ನಿಜವಾಗಿ ತೆರೆದದ್ದು 1965ರ ಕಾನೂನಿನಿಂದ, ಕರಿಯರ ನಾಗರಿಕ ಹಕ್ಕುಗಳ ಹೋರಾಟ ಈ ದೇಶದ ಮನಸ್ಸಾಕ್ಷಿಯನ್ನು ಕಲಕಿದ್ದ ಕಾಲದಲ್ಲಿ. ಮಂಗಳೂರಿನವನೋ ಧಾರವಾಡದವನೋ ಇಲ್ಲಿ ನೆಲೆಸಬೇಕೆಂದರೆ ಸೇರಿಕೊಳ್ಳಲು ಸಾಲೇ ಇಲ್ಲದ ಕಾಲವೊಂದಿತ್ತು. ಇವತ್ತು ಗ್ವಾಟೆಮಾಲಾದ ಹೊಲದ ಕೂಲಿಯವನಿಗೆ ಸಾಲಿಗೆ ಬಾ ಎನ್ನುವ ಮುಂಚೆ, ಅವನ ಪಾಲಿಗೆ ಅಂಥ ಸಾಲು ಇದೆಯೇ ಎಂದು ವಿಚಾರಿಸಿ.

ಇನ್ನು ವಾಕ್ಯಗಳ ವಿಚಾರ. 2018ರ ಜೂನ್‌ನಲ್ಲಿ, ಗಡಿಯಲ್ಲಿ ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸುತ್ತಿದ್ದ ನೀತಿಯನ್ನು ಸಮರ್ಥಿಸಲು ಆಗಿನ ಅಟಾರ್ನಿ ಜನರಲ್ ಜೆಫ್ ಸೆಷನ್ಸ್ ರೋಮಾಪುರದವರಿಗೆ ಬರೆದ ಪತ್ರದ 13ನೆಯ ಅಧ್ಯಾಯವನ್ನು ಎತ್ತಿ ಹೇಳಿದರು. ಅಧಿಕಾರಿಗಳಿಗೆ ಅಧೀನರಾಗಿರಬೇಕೆಂಬ ಭಾಗ ಅದು. ಅಂದಿನಿಂದ ಒಂದು ಪಕ್ಷ ಅದನ್ನು ಹಿಡಿದುಕೊಂಡಿದೆ, ಇನ್ನೊಂದು ಪಕ್ಷ ಪರದೇಶಿಯನ್ನು ಪ್ರೀತಿಸಲು ಹೇಳುವ ಯಾಜಕಕಾಂಡದ 19ನೆಯ ಅಧ್ಯಾಯವನ್ನು ಹಿಡಿದುಕೊಂಡಿದೆ. ನಾನು ಬೇಡಿಕೊಳ್ಳುವುದು ಇಷ್ಟೇ: ಆ ಪತ್ರವನ್ನು ಪೂರ್ತಿ ಓದಿ. ಕೊನೆಯ ಅಧ್ಯಾಯದಲ್ಲಿ ಪೌಲನು ವಂದನೆ ಹೇಳುವವರ ಸಾಲಿನಲ್ಲಿ ಪ್ರಿಸ್ಕಿಲ್ಲ ಮತ್ತು ಅಕ್ವಿಲ ಇದ್ದಾರೆ, ಅವರ ಮನೆಯಲ್ಲಿ ಕೂಡುವ ಸಭೆಯೂ ಇದೆ. ಇವರು ಯಾರು? ಅಪೊಸ್ತಲರ ಕೃತ್ಯಗಳ 18ನೆಯ ಅಧ್ಯಾಯ ಹೇಳುತ್ತದೆ: ಯೆಹೂದ್ಯರೆಲ್ಲ ರೋಮಾಪುರ ಬಿಟ್ಟು ಹೋಗಬೇಕೆಂದು ಚಕ್ರವರ್ತಿ ಕ್ಲೌದ್ಯನು ಆಜ್ಞೆ ಹೊರಡಿಸಿದಾಗ ಊರು ಬಿಟ್ಟವರು. ಕ್ರಿ.ಶ. 49ರ ಸುಮಾರಿನ ಸಂಗತಿ ಎಂದು ಅನೇಕ ವಿದ್ವಾಂಸರ ಎಣಿಕೆ. ಕೊರಿಂಥದಲ್ಲಿ ಗುಡಾರ ಹೊಲಿದು ಬದುಕಿದರು. ಅದೇ ಕಸುಬಿನ ಪೌಲನು ಅವರ ಮನೆಯಲ್ಲೇ ಇಳಿದುಕೊಂಡು ಜೊತೆಗೆ ದುಡಿದ. ಮುಂದೆ ಅವರು ರೋಮಿಗೆ ಮರಳಿದರು.

ಇದನ್ನು ಸ್ವಲ್ಪ ಮನಸ್ಸಿಟ್ಟು ಯೋಚಿಸಿ. ಅಧಿಕಾರಿಗಳನ್ನು ಗೌರವಿಸಿ ಎಂಬ ಆ ಮಾತು, ಅಧಿಕಾರಿಗಳು ಊರಿನಿಂದ ಹೊರಹಾಕಿದ್ದ ಗಂಡಹೆಂಡಿರ ಮನೆಯಲ್ಲಿಯೂ ಓದಲ್ಪಟ್ಟಿರಬೇಕು. ಕೇಳಲು ಕುಳಿತವರಲ್ಲಿ ಗಡೀಪಾರಾಗಿ ಮರಳಿ ಬಂದ ಯೆಹೂದ್ಯರು, ಅವರು ಇಲ್ಲದಾಗ ಸಭೆ ನಡೆಸಿಕೊಂಡು ಹೋದ ಯೆಹೂದ್ಯೇತರರು ಇಬ್ಬರೂ ಇದ್ದಿರಬೇಕು. ಊಟದ ವಿಷಯಕ್ಕೆ, ಹಬ್ಬದ ದಿನಗಳ ವಿಷಯಕ್ಕೆ ಅವರ ನಡುವೆ ಜಗಳವಿತ್ತು. 14ನೆಯ ಅಧ್ಯಾಯ ಅದಕ್ಕಾಗಿಯೇ ಇದೆ. ಯಾರು ಸರಿ ಎಂಬುದರ ಬಗ್ಗೆ ಪೌಲನಿಗೆ ತನ್ನದೇ ಖಚಿತ ಅಭಿಪ್ರಾಯವಿತ್ತು, ಅದನ್ನು ಮುಚ್ಚಿಡಲಿಲ್ಲ. ಆದರೂ ಗೆದ್ದವನು ಸೋತವನನ್ನು ಮೇಜಿನಿಂದ ಎಬ್ಬಿಸಿ ಕಳುಹಿಸಬಾರದು ಎಂದ. ಕ್ರಿಸ್ತನು ಸೇರಿಸಿಕೊಂಡವನನ್ನು ತಳ್ಳಲು ನೀನು ಯಾರು ಎಂಬುದೇ ಅವನ ವಾದದ ತಿರುಳು. 13ನೆಯ ಅಧ್ಯಾಯವನ್ನು ಈ ಮನೆಯಿಂದ ಕಿತ್ತು ಬೇರೆಲ್ಲೋ ಇಟ್ಟು ಓದಬೇಡಿ.

ಈಚಿನ ಒಂದು ಸಂಗತಿ ಹೇಳುತ್ತೇನೆ. 2025ರ ಆರಂಭದಲ್ಲಿ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್, ವಲಸೆಯ ವಿಚಾರವಾಗಿ, ಪ್ರೀತಿಗೆ ಒಂದು ಕ್ರಮವಿದೆ, ಮೊದಲು ಕುಟುಂಬ, ಆಮೇಲೆ ನೆರೆಯವರು, ಊರು, ದೇಶ, ಅದಾದ ಮೇಲೆ ಉಳಿದ ಲೋಕ ಎಂಬ ಅರ್ಥದಲ್ಲಿ ಮಾತಾಡಿದರು. ಫೆಬ್ರುವರಿ 10ರಂದು ಪೋಪ್ ಫ್ರಾನ್ಸಿಸ್ ಅಮೆರಿಕದ ಬಿಷಪ್ಪರಿಗೆ ಬರೆದ ಪತ್ರದಲ್ಲಿ, ನಿಜವಾದ ಕ್ರಮವನ್ನು ಒಳ್ಳೆಯ ಸಮಾರ್ಯದವನ ಸಾಮ್ಯದಿಂದ ಕಲಿಯಬೇಕು ಎಂದು ಖಡಾಖಂಡಿತವಾಗಿ ಬರೆದರು. ನನ್ನ ಮನಸ್ಸು ಪೋಪರ ಕಡೆಗಿದೆ, ಬಚ್ಚಿಡುವುದಿಲ್ಲ. ಆ ಏಪ್ರಿಲ್ 20ರ ಈಸ್ಟರ್ ದಿನ ವ್ಯಾನ್ಸ್ ವ್ಯಾಟಿಕನ್‌ಗೆ ಹೋದಾಗ, ಕಾಯಿಲೆಯಿಂದ ಬಳಲಿದ್ದ ಪೋಪರು ವ್ಯಾನ್ಸ್‌ರನ್ನು ಬರಮಾಡಿಕೊಂಡು, ಅವರ ಮಕ್ಕಳಿಗೆಂದು ಚಾಕೊಲೇಟಿನ ಈಸ್ಟರ್ ಮೊಟ್ಟೆಗಳನ್ನು ಕೊಟ್ಟು ಕಳಿಸಿದರು. ಮರುದಿನ ಪೋಪರು ತೀರಿಕೊಂಡರು. ಪತ್ರದ ಒಂದಕ್ಷರವನ್ನೂ ಅವರು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ.

ಹಾಗಾದರೆ ಒಗ್ಗಟ್ಟಿಗಾಗಿ ಎಲ್ಲವನ್ನೂ ನುಂಗಿಕೊಂಡು ಸುಮ್ಮನಿರಬೇಕೇ ಎಂದು ನಿಮ್ಮಲ್ಲಿ ಚುರುಕಾದವರು ಕೇಳಿಯೇ ಕೇಳುತ್ತೀರಿ. ಬೇಡ. ಅಮೆರಿಕದ ಮೆಥೊಡಿಸ್ಟರ ಕಥೆ ನೋಡಿ. ಬಿಷಪ್ಪರೊಬ್ಬರು ಗುಲಾಮರ ಒಡೆಯರಾಗಿದ್ದ ಪ್ರಶ್ನೆ 1844ರಲ್ಲಿ ಎದ್ದು ಉತ್ತರ, ದಕ್ಷಿಣ ಎಂದು ಆ ಸಭೆ ಸೀಳಿತು. 1939ರಲ್ಲಿ ಮತ್ತೆ ಒಂದಾದಾಗ ದಕ್ಷಿಣದವರನ್ನು ಸಮಾಧಾನಪಡಿಸಲು ಕರಿಯರ ಬಹುತೇಕ ಸಭೆಗಳನ್ನು ಸೇರಿಸಿ ಬೇರೆಯದೇ ಆಡಳಿತ ವಿಭಾಗ ಮಾಡಿಬಿಟ್ಟರು. 1968ರವರೆಗೂ ಅದು ಹಾಗೆಯೇ ನಡೆಯಿತು. ಐಕ್ಯದ ಬೆಲೆಯನ್ನು ಅಲ್ಲಿ ತೆತ್ತವರು ಯಾರು ಎಂದು ಕೇಳಿಕೊಳ್ಳಿ. ಪ್ರಬಲರಿಬ್ಬರು ರಾಜಿಯಾಗಿ, ಆ ಖರ್ಚನ್ನು ದುರ್ಬಲನ ಲೆಕ್ಕಕ್ಕೆ ಬರೆದರೆ ಅದು ಕ್ರಿಸ್ತನು ಪ್ರಾರ್ಥಿಸಿದ ಐಕ್ಯವಲ್ಲ. ನಿಮ್ಮ ಜಗಳ ಮುಗಿಯಲಿ ಎಂದು ಕಾಗದವಿಲ್ಲದವರ ಸಂಕಟವನ್ನೇ ಯಾರೂ ಎತ್ತಬಾರದೆಂದು ಗುಂಪಿನಲ್ಲಿ ನಿಯಮ ಮಾಡಿಕೊಳ್ಳಬೇಡಿ.

ಸಂಕಟ ದೂರದ್ದೂ ಅಲ್ಲ. ಚರ್ಚು, ಶಾಲೆ, ಆಸ್ಪತ್ರೆಗಳಲ್ಲಿ ವಲಸೆ ಅಧಿಕಾರಿಗಳು ಸಾಮಾನ್ಯವಾಗಿ ಯಾರನ್ನೂ ಹಿಡಿಯಬಾರದೆಂಬ ಹಳೆಯ ಸೂಚನೆಯನ್ನು 2025ರ ಜನವರಿಯಲ್ಲಿ ರದ್ದು ಮಾಡಿದರು. ಅದೇ ವರ್ಷದ ಜುಲೈಯಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದ ಕ್ಯಾಥೊಲಿಕ್ ಬಿಷಪ್ ಆಲ್ಬರ್ಟೊ ರೋಹಾಸ್, ಬಂಧನದ ನಿಜವಾದ ಭಯವಿರುವವರು ಭಾನುವಾರದ ಪೂಜೆಗೆ ಬಾರದಿದ್ದರೂ ತಪ್ಪಿಲ್ಲ ಎಂದು ಅಪ್ಪಣೆ ಕೊಡಬೇಕಾಯಿತು. ಗಡಿ ಬಿಗಿಯಾಗಬೇಕೆಂದು ಮತ ಹಾಕಿದ ಮಗನೇ, ಮಗಳೇ, ಕರ್ತನ ಭೋಜನಕ್ಕೆ ಬರಲು ಹೆದರಿ ಮನೆಯೊಳಗೆ ಕುಳಿತವನು ನಿನಗೂ ಸಹೋದರ. ಅವನಿಗೆ ನೆರವಾದರೆ ನಿನ್ನ ಅಭಿಪ್ರಾಯಕ್ಕೆ ಯಾವ ದ್ರೋಹವೂ ಆಗುವುದಿಲ್ಲ.

ನಮ್ಮ ಎಷ್ಟೋ ಕನ್ನಡ ಕೂಟಗಳು ಬೇರೆಯವರ ಚರ್ಚಿನ ಸಭಾಂಗಣದಲ್ಲಿ ನಡೆಯುತ್ತವೆ. ಅದೇ ಕಟ್ಟಡದಲ್ಲಿ ಬೇರೊಂದು ಹೊತ್ತಿಗೆ ಸ್ಪ್ಯಾನಿಷ್ ಮಾತಾಡುವ ಸಭೆಯೂ ಕೂಡುವುದುಂಟು. ಹಾಗಿದ್ದಲ್ಲಿ ಅವರ ಪಾಸ್ಟರರನ್ನು ಹೋಗಿ ಕಾಣಿ. ಒಂದೇ ಅಭಿಪ್ರಾಯದವರು ಗುಂಪು ಕಟ್ಟಿಕೊಂಡು ಹೋಗಬೇಡಿ. ನಿಮ್ಮೊಡನೆ ಜಗಳವಾಡಿದವರನ್ನೇ ಕರೆದುಕೊಂಡು ಇಬ್ಬಿಬ್ಬರಾಗಿ ಹೋಗಿ. ಏನು ಬೇಕೆಂದು ಅವರನ್ನೇ ಕೇಳಿ: ಮನೆ ಬಿಟ್ಟು ಹೊರಡಲು ಹೆದರುವವರಿಗೆ ದಿನಸಿ ತಲುಪಿಸುವುದೋ, ಇಂಗ್ಲಿಷ್ ಕಾಗದ ಓದಿ ಹೇಳುವುದೋ, ವಕೀಲರ ಫೀಸಿಗೆ ಹಣ ಕೂಡಿಸುವುದೋ. ಕಾನೂನಿನ ಸಂದೇಹ ಬಂದಲ್ಲಿ ವಲಸೆ ವಕೀಲರನ್ನೇ ಕೇಳಿ ಮುಂದುವರಿಯಿರಿ. ಗುಂಪು ಬಿಟ್ಟುಹೋದವರಿಗೆ ಈ ವಾರವೇ ಫೋನು ಮಾಡಿ. ಮೆಸೇಜ್ ಸಾಲದು. ಅವರು ಎತ್ತದಿದ್ದರೆ ಮನೆಗೆ ಹೋಗಿ ಕರೆಯಿರಿ.