ಗಣಿಗಿಳಿಯಲು ಹೊರಟ ತಂಗಿಗೆ

ದಂಡಿಗನಹಳ್ಳಿಯ ತಂಗಿ, 'ಹೆಣ್ಣಿಗೆ ಗಣಿ ಕೆಲಸವೇ?' ಎಂದು ನಿನ್ನ ಅಪ್ಪ ಕೇಳಿದ್ದರಲ್ಲಿ ಹಳೆಯ ಕಾನೂನಿನ ನೆನಪೂ ಇದೆ. 1952ರ ಗಣಿ ಕಾಯ್ದೆ ಮಹಿಳೆಯರನ್ನು ನೆಲದಾಳಕ್ಕೆ ಬಿಡುತ್ತಿರಲಿಲ್ಲ. ನಿಮ್ಮ ಚನ್ನರಾಯಪಟ್ಟಣ ತಾಲ್ಲೂಕಿನದೇ ಆದ ಬೈರಾಪುರದ ಕ್ರೋಮೈಟ್ ಗಣಿಗೂ ಅದೇ ಕಟ್ಟುಪಾಡು ಇತ್ತು. 2019ರ ಜನವರಿಯಲ್ಲಿ ಕೇಂದ್ರ ಸರ್ಕಾರ ಬಾಗಿಲು ತೆರೆಯಿತು: ತಾಂತ್ರಿಕ, ಮೇಲ್ವಿಚಾರಣೆಯ ಹುದ್ದೆಗಳಲ್ಲಿ, ಲಿಖಿತ ಒಪ್ಪಿಗೆ ಕೊಟ್ಟು, ಕನಿಷ್ಠ ಮೂವರು ಮಹಿಳೆಯರ ತಂಡವಾಗಿ ಇಳಿಯಬಹುದು ಎಂದಿತು. 2021ರಲ್ಲಿ ಎಂಜಿನಿಯರ್ ಆಕಾಂಕ್ಷಾ ಕುಮಾರಿ ಜಾರ್ಖಂಡಿನ ಚೂರಿ ಕಲ್ಲಿದ್ದಲು ಗಣಿಗೆ ಇಳಿದರು. ಅಪ್ಪನಿಗೆ ಅವರ ಕಥೆ ಹೇಳು.

ಮೈನಿಂಗ್ ಡಿಪ್ಲೊಮಾಗೆ ಧೈರ್ಯವಾಗಿ ಸೇರು. ಮುಂದೆ ಸಂದರ್ಶನಕ್ಕೆ ಹೋದಾಗ ಸಂಬಳಕ್ಕಿಂತ ಮೊದಲು ಗಣಿಯೊಳಗಿನ ಶೌಚಾಲಯ, ನಿನ್ನ ಅಳತೆಯ ಬೂಟು, ಕಿರುಕುಳದ ದೂರು ಕೇಳುವ ಸಮಿತಿ ಇವೆಯೇ ಎಂದು ವಿಚಾರಿಸು. ಕೇಳಲು ಸಂಕೋಚ ಬೇಡ, ತಂಗಿ.