ತೊಗರಿ ಹೊಲದ ಪೈಪೋಟಿ

ತೆಲಂಗಾಣದ ತಾಂಡೂರು ಸೀಮೆಯ ತೊಗರಿ ಬೇಸಾಯದಲ್ಲಿ ಪೈಪೋಟಿ ಎರಡು ಬಗೆಯದು: ಇಳುವರಿಯಲ್ಲಿ ಪಕ್ಕದ ಹೊಲವನ್ನು ಮೀರಿಸುವುದು, ಹೆಸರಿನಲ್ಲಿ ಪಕ್ಕದ ಸೀಮೆಯನ್ನು ಮೀರಿಸುವುದು.

ಮೊದಲನೆಯದರಿಂದ ಲಾಭವಿದೆ. ನೆಟೆ ರೋಗ ತಡೆಯುವ ತಳಿ ಒಂದು ಹೊಲದಲ್ಲಿ ಹಸಿರಾಗಿ ನಿಂತರೆ, ಮರುವರ್ಷ ಆ ಬೀಜವನ್ನು ನಾಲ್ಕು ಜನ ಕೇಳುತ್ತಾರೆ. ಕೃಷಿ ಇಲಾಖೆಯ ಉಪದೇಶಕ್ಕಿಂತ ನೆರೆಯವನ ಹೊಟ್ಟೆಕಿಚ್ಚೇ ಇಲ್ಲಿ ಬೇಗ ಕೆಲಸ ಮಾಡುತ್ತದೆ. ಆದರೆ ಕಾಯಿಕೊರಕದ ಪತಂಗಕ್ಕೆ ಬದುವಿನ ಲೆಕ್ಕವಿಲ್ಲ. ಒಬ್ಬನೇ ಔಷಧಿ ಹೊಡೆದರೆ ಅಕ್ಕಪಕ್ಕದಿಂದ ಹಾರಿಬಂದ ಪತಂಗಗಳು ಮತ್ತೆ ಮೊಟ್ಟೆಯಿಡುತ್ತವೆ. ನೆಟೆ ರೋಗದ ಶಿಲೀಂಧ್ರವಂತೂ ಮಣ್ಣಿನಲ್ಲಿ, ಹಳೆಯ ಕೂಳೆಯಲ್ಲಿ ಉಳಿದಿರುತ್ತದೆ. ಹೆಚ್ಚು ಚೀಲದ ಹಟಕ್ಕೆ ಜೋಳ ಬಿಟ್ಟು ವರ್ಷ ವರ್ಷ ತೊಗರಿಯನ್ನೇ ಹಾಕಿದ ಹೊಲದಲ್ಲಿ ಅದು ಬಲಿಯುತ್ತದೆ.

ಇಳುವರಿಯ ಗೆಲುವು ಸಂತೆಗೆ ಬಂದಾಗ ಏನಾಗುತ್ತದೆ ಎಂಬುದನ್ನು 2016–17 ತೋರಿಸಿತು. 2015ರಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿಯ ಹತ್ತಿರ ಹೋಗಿತ್ತು. ಆ ಬೆಲೆ ಕಂಡು ಎಲ್ಲರೂ ತೊಗರಿಗೆ ತಿರುಗಿದರು, ಮಳೆಯೂ ಕೈಹಿಡಿಯಿತು. ಸುಮಾರು 25 ಲಕ್ಷ ಟನ್ ಇದ್ದ ದೇಶದ ಉತ್ಪಾದನೆ 48 ಲಕ್ಷ ಟನ್ ದಾಟಿತು. ಬೆಂಬಲ ಬೆಲೆ ಕ್ವಿಂಟಲಿಗೆ 5,050 ರೂಪಾಯಿ ಇದ್ದರೂ ಮಾರುಕಟ್ಟೆಯ ಧಾರಣೆ ಅದಕ್ಕಿಂತ ಕೆಳಗೆ ಬಿತ್ತು. ಎಕರೆಗೆ ಹೆಚ್ಚು ಬೆಳೆದವನೂ ಕಡಿಮೆ ಬೆಳೆದವನೂ ಖರೀದಿ ಕೇಂದ್ರದ ಒಂದೇ ಸಾಲಿನಲ್ಲಿ ನಿಲ್ಲಬೇಕಾಯಿತು.

ಹೆಸರಿನ ಪೈಪೋಟಿಯ ದಾರಿ ಬೇರೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಟ್ಯಾಗ್ ಸಿಕ್ಕಿತು, ತಾಂಡೂರು ತೊಗರಿಗೆ 2022ರ ಡಿಸೆಂಬರಿನಲ್ಲಿ. ತಾಂಡೂರಿನ ಪರವಾಗಿ ಅರ್ಜಿ ಹಾಕಿದ್ದು ಯಾಲಾಲ್ ರೈತ ಉತ್ಪಾದಕರ ಕಂಪನಿ. ಎರಡೂ ಕಡೆ ಕಪ್ಪು ಮಣ್ಣು, ಸುಣ್ಣಕಲ್ಲಿನ ನೆಲ. ತಾಂಡೂರಿನ ಪಕ್ಕ ಹರಿಯುವ ಕಾಗಿಣಾ ಕಲಬುರಗಿ ಜಿಲ್ಲೆಗಿಳಿದು ಭೀಮೆಯನ್ನು ಸೇರುತ್ತದೆ. ಒಂದಕ್ಕೆ ಟ್ಯಾಗ್ ಸಿಕ್ಕಿತೆಂದು ಇನ್ನೊಂದಕ್ಕೆ ತಪ್ಪಲಿಲ್ಲ. ಓಟದ ಪಂದ್ಯದಲ್ಲಿ ಇಂಥದ್ದು ನಡೆಯುವುದಿಲ್ಲ. ಟ್ಯಾಗ್ ಒಬ್ಬನ ಸ್ವತ್ತೂ ಅಲ್ಲ. ಗೊತ್ತುಪಡಿಸಿದ ಸೀಮೆಯ ಬೆಳೆಗಾರ ಯಾರೇ ಆಗಲಿ, ಅಧಿಕೃತ ಬಳಕೆದಾರನಾಗಿ ನೋಂದಾಯಿಸಿಕೊಂಡರೆ ಆ ಹೆಸರನ್ನು ಬಳಸಬಹುದು. ಹೊರಗಿನ ಕಾಳು ಬೆರೆಸಿ ಒಬ್ಬ ಮಾರಿದರೆ ಕೆಡುವುದು ಎಲ್ಲರ ಹೆಸರು. ಹಾಗಾಗಿ ಇಲ್ಲಿ ನೆರೆಯವನ ಕಾಳು ಚೆನ್ನಾಗಿರಲಿ ಎಂದು ಬಯಸುವುದರಲ್ಲಿ ಸ್ವಾರ್ಥವೂ ಇದೆ.

ಇದಕ್ಕೂ ಮಿತಿಯುಂಟು. ಟ್ಯಾಗ್ ಹೆಸರನ್ನು ಕಾಯುತ್ತದೆ, ಬೆಲೆಯನ್ನು ಕಾಯುವುದಿಲ್ಲ. ಬಿಡಿ ಚೀಲದಲ್ಲಿ ಮಂಡಿಗೆ ಬಂದ ಕಾಳಿನ ಧಾರಣೆ ಮೊಜಾಂಬಿಕ್, ಮ್ಯಾನ್ಮಾರ್‌ಗಳಿಂದ ಹಡಗೇರಿ ಬರುವ ತೊಗರಿಯ ಜೊತೆಗೇ ಏರಿಳಿಯುತ್ತದೆ.